ಬೂರುಗದ ಗಾದಿ

ಕೌಲ್ ಬಜಾರಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಗಾದಿ ಮಾತ್ರ ಜಹೀರುದ್ದೀನನ ಅಂಗಡಿಯಿಂದಲೇ ಬರಬೇಕು ಎಂಬುದು ಅವನ ಹೆಂಡತಿ ದಾವಲಬೀಯ ನಂಬಿಕೆ. ಬೇರೆ ಕಡೆಯಿಂದ ಗಾದಿ ತಂದವರ ಸಂಸಾರ ನೆಟ್ಟಗಾದದ್ದನ್ನು ತಾನು ಕಂಡಿಲ್ಲ ಎಂದು ಅವಳು ಓಣಿಯ ನಲ್ಲಿಯ ಹತ್ತಿರ ನಿಂತು, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಹತ್ತಿ ಹಿಂಜುವ ಪಿಂಜಾರರ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವಳ ತಲೆಯಲ್ಲಿ ಹತ್ತಿಯ ಎಳೆ, ಮೂಗಿನಲ್ಲಿ ಹತ್ತಿಯ ಎಳೆ. ಆದರೂ ಗಂಡನ ಕೈಕೆಲಸವನ್ನು ಹೊಗಳುವುದಕ್ಕೆ ಅವಳ ಬಾಯಿ ಯಾವತ್ತೂ ಬಿಡುವಾಗಿಯೇ ಇರುತ್ತಿತ್ತು.

ಆಗ ಬಳ್ಳಾರಿಯಲ್ಲಿ ಗಣಿಯ ದುಡ್ಡು ಕುಣಿಯುತ್ತಿದ್ದ ಕಾಲ. ಮಗ ಶಕೀಲ್ ಸಂಡೂರಿನ ಕಡೆ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ವಾರಕ್ಕೆರಡು ಸಲ ಮನೆಗೆ ಬಂದರೆ, ಬಚ್ಚಲಿನಲ್ಲಿ ಕೆಂಪು ನೀರು ಹರಿದು ಮುಗಿಯುವ ತನಕ ಅವನ ಮುಖ ಯಾರದೆಂದು ಗೊತ್ತಾಗುತ್ತಿರಲಿಲ್ಲ. ಅವನ ಹೆಂಡತಿ ಫರ್ಜಾನಾ ಚೊಚ್ಚಲ ಬಸುರಿ. ಒಂದು ಸಂಜೆ ಊಟಕ್ಕೆ ಕೂತಾಗ ಅವನು ಮಾತು ತೆಗೆದ.

"ಅಪ್ಪಾ, ಫರ್ಜಾನಾಗ ಒಂದು ಫೋಮ್ ಗಾದಿ ತರೂಣಂತ ಮಾಡೀನಿ. ಪಾರ್ವತಿನಗರದಾಗ ಹೊಸಾ ಶೋರೂಮ್ ಆಗೇತಿ. ನಮ್ಮ ಓನರ್ ಮನ್ಯಾಗ ಎಲ್ಲಾರೂ ಅದರ ಮ್ಯಾಲೇ ಮಲಗತಾರ."

ಜಹೀರುದ್ದೀನನ ಕೈ ರೊಟ್ಟಿಯ ಮೇಲೆ ನಿಂತಿತು.

"ಪಿಂಜಾರನ ಸೊಸಿ ಅಂಗಡಿ ಗಾದಿ ಮ್ಯಾಲ ಮಲಗತಾಳೇನು?"

"ಕಾಲ ಬದಲಾಗೇತಿ ಅಪ್ಪಾ."

"ಆಗಲಿ. ನಾ ಸತ್ತ ಮ್ಯಾಲ ತಗೊಂಬಾ ನಿನ್ನ ಫೋಮು."

"ಬಿಸಿ ರೊಟ್ಟಿ ಮುಂದ ಸಾಯೋ ಮಾತ್ಯಾಕ್ರಿ?" ಎಂದು ದಾವಲಬೀ ಗಂಡನ ತಾಟಿಗೆ ಪುಂಡಿಪಲ್ಯ ಬಡಿಸಿದಳು. "ಮಾತಾಡಿದ್ರ ಏನು ಬರತೈತಿ? ನೀವೊಂದು ಗಾದಿ ಮಾಡ್ರಿ. ಊರು ನೋಡಲಿ."

ಊರು ನೋಡಿತು. ಮೆಷಿನ್ನಿನಲ್ಲಿ ಹತ್ತಿ ಹಿಂಜಿಸಲು ಶುರು ಮಾಡಿ ಎಷ್ಟೋ ವರ್ಷವಾಗಿದ್ದ ಜಹೀರುದ್ದೀನ ಗೋಡೆಗೆ ತೂಗುಹಾಕಿದ್ದ ಅಪ್ಪನ ಕಾಲದ ಹಿಂಜುವ ಬಿಲ್ಲು ಇಳಿಸಿದ. ಸಿರುಗುಪ್ಪದ ಸಂತೆಯಿಂದ ಬೂರುಗದ ಅರಳೆ ತರಿಸಿದ. ಮುಟ್ಟಿದರೆ ಮುಟ್ಟಿದ್ದೇ ಗೊತ್ತಾಗದಷ್ಟು ಮೆತ್ತಗಿನ ಅರಳೆ. ಒಂದು ಗಾದಿಗೆ ಹಾಕುವುದರ ಎರಡು ಪಾಲು ತುಂಬಿ, ಕೆಂಪು ಸಾಟಿನ್ ಹೊದಿಕೆ ಹೊಲಿದು ಮನೆಗೆ ತಂದಾಗ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಪಕ್ಕದ ಮನೆಯ ಚನ್ನಬಸಮ್ಮ ಕೂತು ನೋಡುತ್ತೇನೆಂದು ಕೂತವಳು ಮುಳುಗಿಬಿಟ್ಟಳು. ಇಬ್ಬರು ಕೈ ಹಿಡಿದು ಎಳೆದ ಮೇಲೆ ಮೇಲೆದ್ದಳು. ನಗು ಓಣಿಯ ತುದಿಯ ತನಕ ಕೇಳಿಸಿತು. ಅಂದು ಜಹೀರುದ್ದೀನ ನಾಲ್ಕು ಮಂದಿಗೆ ಕೇಳುವಂತೆ, "ನಮ್ಮ ಸೊಸಿ ಇದರ ಮ್ಯಾಲ ಮಲಗಿದ್ರ ಕೂಸು ಹೊಟ್ಯಾಗೇ ನಗತೈತಿ" ಎಂದ. ಫರ್ಜಾನಾ ಸೆರಗಿನೊಳಗೆ ನಕ್ಕಳು.

ಆರನೇ ತಿಂಗಳು ಕಾಲಿಡುವಷ್ಟರಲ್ಲಿ ಅವಳ ನಗು ಹೋಯಿತು. ಸೊಂಟದ ಕೆಳಗೆ ಒಂದು ಕಡೆ ನೋವು ಹಿಡಿದು ತೊಡೆಗೆ ಇಳಿಯುತ್ತಿತ್ತು. ಬೆಳಿಗ್ಗೆ ಎದ್ದವಳು ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ನೆಟ್ಟಗಾಗುತ್ತಿದ್ದಳು. ದಾವಲಬೀ ಎಣ್ಣೆ ಕಾಯಿಸಿ ತಿಕ್ಕಿದಳು, ಬಿಸಿನೀರು ಹೊಯ್ದಳು, ಜೊತೆಗೆ ಬಾಯಿಯನ್ನೂ ಬಿಡಲಿಲ್ಲ.

"ಶಕೀಲನ್ನ ಹೊತ್ತಾಗ ನಾನು ದಿನಾ ಹತ್ತಿ ಬಡದೀನಿ. ಬೆನ್ನು ಅನ್ನೋದು ಎಲ್ಲೈತಿ ಅಂತ ನಂಗ ಗೊತ್ತೇ ಇರಲಿಲ್ಲ."

"ನಿಮಗ ಗೊತ್ತಿರಲಿಲ್ರಿ ಅತ್ತಿ. ನಂಗ ಗೊತ್ತಾಗೇತಿ, ಏನು ಮಾಡ್ಲಿ?"

ರಾರಾವಿಯ ಒಕ್ಕಲುತನದ ಮನೆಯ ಹುಡುಗಿ. ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚಿದವಳು, ಸುಮ್ಮನೆ ನೋವು ಎನ್ನುವವಳಲ್ಲ. ಅದು ದಾವಲಬೀಗೂ ಗೊತ್ತಿತ್ತು. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ, ಅಷ್ಟೇ. ಆದರೆ ಒಂದು ದಿನ ಫರ್ಜಾನಾ ರೊಟ್ಟಿ ತಟ್ಟಲು ಒಲೆಯ ಮುಂದೆ ಕೂತವಳು ಏಳಲಾರದೆ ಅಲ್ಲೇ ಅತ್ತಾಗ ಅತ್ತೆ ಪಕ್ಕದ ಮನೆಗೆ ಓಡಿದಳು.

ಚನ್ನಬಸಮ್ಮ ದಾರಿ ಹೇಳಿದಳು. ಪಾರ್ವತಿನಗರದಲ್ಲಿ ಪಂಪಾವತಿ ಎಂಬ ಡಾಕ್ಟರಮ್ಮ ಇದ್ದಾಳೆ, ಔಷಧಿ ಕೊಡುವುದಿಲ್ಲ, ಕೈಯಿಂದಲೇ ಬೆನ್ನು ಸರಿ ಮಾಡುತ್ತಾಳೆ, ಟಿಪ್ಪರ್ ಓಡಿಸಿ ಸೊಂಟ ಹೋಗಿದ್ದ ತನ್ನ ಮಗ ಅಲ್ಲಿಗೆ ಹೋಗಿಯೇ ಎದ್ದು ಕೂತ ಎಂದಳು.

"ಲಟಿಗೆ ಮುರಿಯೋ ಡಾಕ್ಟರಾ?" ಎಂದಳು ದಾವಲಬೀ. "ಅದಕ್ಕ ನಮ್ಮ ಓಣಿ ಹಜಾಮ ಸಾಕು. ದಾಡಿ ಮಾಡಿ ಪುಗಸಟ್ಟೆ ಕುತ್ತಿಗಿ ಮುರೀತಾನ."

ಹಾಗೆಂದವಳೇ ಮರುದಿನ ಆಟೋ ತರಿಸಿದಳು. ಬಸುರಿಯ ಮೈಗೆ ಯಾರೋ ಕೈ ಹಾಕುವುದಾದರೆ ತಾನು ಎದುರಿಗಿರಬೇಕು ಎಂಬುದು ಅವಳ ಹಟ.

ಪಂಪಾವತಿ ಕುರುಗೋಡಿನವಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಗಟ್ಟಿ ಮುಂಗೈ. ಮೊದಲು ಹೆರಿಗೆ ಡಾಕ್ಟರು ಏನೆಂದಿದ್ದಾರೆಂದು ಕೇಳಿ, ಅವರ ಚೀಟಿ ನೋಡಿ, ಆಮೇಲೆ ಫರ್ಜಾನಾಳನ್ನು ನಡೆಸಿ ನೋಡಿದಳು.

"ಇದಕ್ಕ ಕೈರೋಪ್ರಾಕ್ಟಿಕ್ ಅಂತಾರ್ರಿ ಅಮ್ಮಾ. ಬಸುರಿಗೆ ನಾವು ಲಟಕ್ ಅನಿಸಂಗಿಲ್ಲ, ಹೆದರಬ್ಯಾಡ್ರಿ. ಕೂಸಿಗೆ ದಾರಿ ಬಿಡಾಕ ಸೊಂಟದ ಕೀಲು ಈಗಿಂದಾನ ಸಡಲ ಆಗತಾವು. ಒಂದು ಕಡೆ ಭಾರ ಹೆಚ್ಚು ಬಿದ್ರ ನೋವು ಹಿಡೀತೈತಿ."

ಹೊಟ್ಟೆಯ ಜಾಗದಲ್ಲಿ ತಗ್ಗು ಬಿಟ್ಟ ಒಂದು ಟೇಬಲ್ ಅಲ್ಲಿತ್ತು. ಅದರ ಮೇಲೆ ಫರ್ಜಾನಾಳನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲ ನಡುವೆ ದಿಂಬಿಟ್ಟು, ಸೊಂಟದ ಮೂಳೆಯ ಪಕ್ಕದಲ್ಲಿ ಅಂಗೈ ಊರಿ ಮೆಲ್ಲಗೆ ಒತ್ತಿದಳು. ದಾವಲಬೀ ಕಣ್ಣು ಮಿಟುಕಿಸದೆ ನೋಡಿದಳು. ಹಿಟ್ಟು ನಾದುವಷ್ಟೂ ಜೋರಿಲ್ಲ. ಸೊಸೆಯ ಮುಖದ ಗಂಟು ಮಾತ್ರ ಬಿಚ್ಚುತ್ತಾ ಬಂತು.

"ಯಾತರ ಮ್ಯಾಲ ಮಲಗತಿ ತಂಗಿ?" ಎಂದು ಪಂಪಾವತಿ ಕೇಳಿದಳು.

ಫರ್ಜಾನಾ ಅತ್ತೆಯ ಮುಖ ನೋಡಿದಳು. ದಾವಲಬೀಗೆ ಇಂಥ ಪ್ರಶ್ನೆ ಸಿಕ್ಕಿದ್ದೇ ಹಬ್ಬ. ಬೂರುಗದ ಅರಳೆಯಿಂದ ಹಿಡಿದು ಸಾಟಿನ್ ಹೊದಿಕೆಯ ತನಕ, ಚನ್ನಬಸಮ್ಮ ಮುಳುಗಿದ ಕಥೆಯನ್ನೂ ಸೇರಿಸಿ ಎಲ್ಲ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ.

"ಅದೇ ನೋಡ್ರಿ ಅಮ್ಮಾ ಕಾರಣ. ಮೈ ಮುಳಗಿದ್ರ ಸೊಂಟ ರಾತ್ರಿಯೆಲ್ಲಾ ಜೋತು ಬೀಳತೈತಿ. ಹಗಲು ನಾ ಸರಿ ಮಾಡಿದ್ದು ರಾತ್ರಿ ಅದು ಕೆಡಸತೈತಿ. ಗಾದಿ ಗಟ್ಟಿ ಇರಬೇಕು."

"ಆ ಗಾದಿ ಯಾರು ಮಾಡಿದ್ದು ಗೊತ್ತೈತೇನು ನಿನಗ?" ಎಂದು ದಾವಲಬೀ ಎದ್ದು ನಿಂತಳು. "ನನ್ನ ಗಂಡ ಮಾಡಿದ್ದು."

"ಚಲೋ ಗಾದಿನೇ ಇರತೈತ್ರಿ. ಬಸುರಿಗೆ ಅಲ್ಲ."

ಆಟೋದಲ್ಲಿ ಅತ್ತೆಯ ಮಾತು ನಿಲ್ಲಲಿಲ್ಲ. ನಿನ್ನೆ ಮೊನ್ನೆ ಬಂದ ಹುಡುಗಿ, ಗಾದಿಯ ಬಗ್ಗೆ ಇವಳಿಗೇನು ಗೊತ್ತು, ಕುರುಗೋಡಿನವರು ಕಂಬಳಿಯ ಮೇಲೆ ಮಲಗಿದವರು ಎಂದೆಲ್ಲ ಅಂದಳು. ಫರ್ಜಾನಾ ತನ್ನ ಪಾಡಿಗೆ ತಾನು ಹೊರಗೆ ನೋಡುತ್ತ ಕೂತಿದ್ದಳು. ರಾಯಲ್ ಸರ್ಕಲ್ ದಾಟಿದ ಮೇಲೆ ಬಾಯಿ ಬಿಟ್ಟಳು.

"ಅತ್ತಿ, ನಾ ಆ ಗಾದಿ ಮ್ಯಾಲ ಮಲಗೂದು ಬಿಟ್ಟು ಭಾಳ ದಿನ ಆತ್ರಿ. ಮಾವಾರು ಮಲಗಿದ ಮ್ಯಾಲ ಕೆಳಗ ಚಾಪಿ ಹಾಸ್ಕೋತೀನಿ. ಅವರು ಏಳೂದ್ರಾಗ ಸುತ್ತಿಡತೀನಿ. ನೆಲಾ ಗಟ್ಟಿ ಆಗಿ ಮಗ್ಗಲು ಹಿಡೀತೈತಿ, ಆದ್ರ ಗಾದಿಗಿಂತ ಚಲೋ."

"ನನಗ್ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿರಿ? ದಿನಾ ಬೆಳಿಗ್ಗೆ ಮಾವಾರು ನಿದ್ದಿ ಹೆಂಗ ಬಂತವ್ವಾ ಅಂತ ಕೇಳತಾರ. ಅವರ ಮುಖಾ ನೋಡಿದ್ರ ಬಾಯಿ ಬರಂಗಿಲ್ಲ."

ದಾವಲಬೀಗೆ ಸಿಟ್ಟೂ ಬಂತು, ಕರುಳೂ ಚುರ್ ಎಂದಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ, ಗಂಡ ಆ ಗಾದಿಯನ್ನು ನೋಡುವ ರೀತಿ ಅವಳಿಗೆ ಗೊತ್ತು. ಮನೆ ಬಂತು. ಇಳಿಯುವಾಗ ಸೊಸೆಯ ಕೈ ಹಿಡಿದು, "ಅವರಿಗೆ ಹೇಳಬ್ಯಾಡ. ಎದಿ ಒಡಕೋತಾರ. ನಾ ನೋಡ್ಕೋತೀನಿ" ಎಂದಳು. ಚಾಪೆಯ ಮೇಲೆ ಹಾಸಲು ತನ್ನದೇ ತೆಳ್ಳನೆಯ ಹಳೆಯ ಗಾದಿಯನ್ನು ಕೊಟ್ಟಳು.

ಹೀಗೆ ಅತ್ತೆ ಸೊಸೆ ಸೇರಿ ಒಬ್ಬ ಮುದುಕನಿಗೆ ಸುಳ್ಳು ಹೇಳುತ್ತ ವಾರಗಳು ಕಳೆದವು. ಪಂಪಾವತಿಯ ಹತ್ತಿರ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದರು. ಏಳುವಾಗ ಮಗ್ಗುಲಾಗಿ ಹೇಗೆ ಏಳಬೇಕು, ಕೊಡ ಎತ್ತುವಾಗ ಬೆನ್ನು ಬಗ್ಗಿಸದೆ ಮೊಣಕಾಲು ಹೇಗೆ ಮಡಚಬೇಕು ಎಂದು ಹೇಳಿದ್ದನ್ನು ಫರ್ಜಾನಾ ಚಾಚೂ ತಪ್ಪದೆ ಮಾಡಿದಳು. ಗೋಡೆ ಹಿಡಿಯುವುದು ನಿಂತಿತು. ರೊಟ್ಟಿ ಬಡಿಯುವ ಸದ್ದು ಮತ್ತೆ ಅಡಿಗೆಮನೆಯಲ್ಲಿ ಕೇಳಿಸಿತು. ಜಹೀರುದ್ದೀನ ಮಾತ್ರ ಅದೆಲ್ಲ ತನ್ನ ಗಾದಿಯ ಗುಣ ಎಂದು ಊರಿಗೆಲ್ಲ ಹೇಳಿಕೊಂಡು ಬಂದ.

ಒಂದು ಸಂಜೆ ಅವನು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಖುಷಿಯಿಂದ ಮನೆಗೆ ಬಂದ. ಶಕೀಲನೂ ಬಂದಿದ್ದ.

"ಪಾರ್ವತಿನಗರದ ಗಣಿ ಕಂಟ್ರಾಕ್ಟರ್ ಮನಿಂದ ಕರಿಸಿದ್ರು. ಅವರ ತಾಯಿ ವಿರೂಪಮ್ಮ ಅಂತ. ಮೊಮ್ಮಗಳು ಚೊಚ್ಚಲ ಬಸುರಿ, ಐದು ತಿಂಗಳಿಗೇ ತವರಿಗೆ ಬಂದಾಳ. ನಿನ್ನ ಸೊಸಿಗೆ ಮಾಡಿದಂಥದೇ ಗಾದಿ ನಮ್ಮ ಹುಡುಗೀಗೂ ಬೇಕು ಅಂದ್ರು. ಕೇಳಿದೇನೋ ಶಕೀಲ? ಶೋರೂಮು ಅವರ ಮನಿ ಎದರಿಗೇ ಐತಿ."

ಫರ್ಜಾನಾ ಕೈಯಲ್ಲಿದ್ದ ತಾಟು ಕೆಳಗಿಟ್ಟಳು.

"ಮಾವಾರ, ಅವರಿಗೆ ಆ ಗಾದಿ ಮಾಡಬ್ಯಾಡ್ರಿ."

ದಾವಲಬೀ ಕಣ್ಸನ್ನೆ ಮಾಡಿದಳು. ಸೊಸೆ ನೋಡಲಿಲ್ಲ.

"ಯಾಕವ್ವಾ?"

"ಅದರ ಮ್ಯಾಲ ಮಲಗೇ ನನ್ನ ಬೆನ್ನು ಹೋತ್ರಿ. ಆ ಹುಡುಗಿದೂ ಹೋಗತೈತಿ. ನಾ ಕೆಳಗ ಮಲಗಾಕ ಹತ್ತಿ ತಿಂಗಳ ಮ್ಯಾಲಾತು."

"ನಾ ಮೊದಲೇ ಹೇಳಿದ್ದೆ, ಫೋಮು…" ಎಂದು ಶಕೀಲ್ ಬಾಯಿ ಹಾಕಿದ.

"ನೀವು ಸುಮ್ಮನಿರ್ರಿ. ಮೈ ಮುಳಗೂದು ಯಾವ್ದಾದ್ರೇನು, ಫೋಮೂ ಅಷ್ಟೇ" ಎಂದು ಫರ್ಜಾನಾ ಗಂಡನನ್ನು ತಡೆದಳು.

ಜಹೀರುದ್ದೀನ ಸೊಸೆಯನ್ನು ಬಯ್ಯಲಿಲ್ಲ. ಹೆಂಡತಿಯ ಕಡೆ ತಿರುಗಿ, "ನಿನಗ ಗೊತ್ತಿತ್ತಾ?" ಎಂದು ಕೇಳಿದ. ಮಾತಿಗೆಂದೂ ಬಡವಿಯಲ್ಲದ ದಾವಲಬೀ ಸೆರಗಿಗೆ ಅಂಟಿದ್ದ ಹತ್ತಿಯ ಎಳೆ ಕೀಳುತ್ತ ಕೂತಳು. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ನಡೆದ. ಮಂಡಕ್ಕಿ ಹಾಗೆಯೇ ಮೆತ್ತಗಾಯಿತು.

ಮುಂದಿನ ವಾರ ಫರ್ಜಾನಾಳ ಅಪ್ಪ ಮಹಮ್ಮದ್ ಗೌಸ್ ಮಗಳನ್ನು ಹೆರಿಗೆಗೆ ಕರೆದೊಯ್ಯಲು ರಾರಾವಿಯಿಂದ ಜೀಪು ಮಾಡಿಕೊಂಡು ಬಂದ. ಉಡಿ ತುಂಬುವ ಶಾಸ್ತ್ರವಾಯಿತು, ಊಟವಾಯಿತು. ಮಾವ ಮಾತ್ರ ಮನೆಯಲ್ಲಿರಲಿಲ್ಲ. ಹತ್ತಿ ನೋಡಿ ಬರುತ್ತೇನೆಂದು ನಸುಕಿನಲ್ಲೇ ಕುರುಗೋಡಿಗೆ ಹೋಗಿದ್ದ.

"ಮಾವಾರಿಗೆ ಹೇಳಿ ಹೋಗತೀನಪ್ಪಾ, ಸ್ವಲ್ಪ ತಡಿ" ಎಂದು ಫರ್ಜಾನಾ ಹೊಸ್ತಿಲಲ್ಲಿ ಕಾದಳು. ಅವನು ಬರಲಿಲ್ಲ. ಸಿರುಗುಪ್ಪದ ರಸ್ತೆಯಲ್ಲಿ ಕತ್ತಲಾಗುವ ಮುಂಚೆ ಹೋಗಬೇಕೆಂದು ಗೌಸ್ ಅವಸರ ಮಾಡಿದ. ಅವಳು ಕಣ್ಣೊರೆಸಿಕೊಂಡು ಜೀಪು ಹತ್ತಿದಳು.

ಆಮೇಲೆ ಆ ಮನೆಯಲ್ಲಿ ಗಂಡ ಹೆಂಡಿರ ನಡುವೆ ರೊಟ್ಟಿ, ನೀರು ಬಿಟ್ಟರೆ ಬೇರೆ ಮಾತಿಲ್ಲ. ದಾವಲಬೀ ಎಷ್ಟು ದಿನ ತಡೆದಾಳು?

"ಒಂದು ಗಾದಿ ಸಲುವಾಗಿ ಬಸುರಿ ಹೆಣ್ಣಮಗಳನ್ನ ಅಳಿಸಿ ಕಳಿಸಿದ್ರಲ್ಲ, ನಿಮಗ ಮನಸೈತೋ ಇಲ್ಲೋ?"

"ಗಾದಿ ಅಲ್ಲ ಅದು, ನನ್ನ ಕೈ. ನನ್ನ ಕೈ ತಪ್ಪೈತಿ ಅಂತ ಮನಿ ಮಂದಿಗೆಲ್ಲಾ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ."

ತಾನೇ ಮುಚ್ಚಿಟ್ಟದ್ದು ಅವನಿಗೆ ನೋವಾಗಿದೆ ಎಂದು ದಾವಲಬೀಗೆ ಅರ್ಥವಾಯಿತು. ಆದರೆ ಸೊಸೆಯ ಮೇಲೆ ಸಿಟ್ಟು ಉಳಿದಿದೆಯೋ ಇಲ್ಲವೋ ಎಂಬುದು ಅರ್ಥವಾಗಲಿಲ್ಲ.

ಅಷ್ಟರಲ್ಲಿ ಚನ್ನಬಸಮ್ಮ ಇನ್ನೊಂದು ಸುದ್ದಿ ತಂದಳು. ಜಹೀರುದ್ದೀನ ಪಂಪಾವತಿಯ ಕ್ಲಿನಿಕ್ಕಿನಿಂದ ಹೊರಗೆ ಬರುತ್ತಿದ್ದುದನ್ನು ಅವಳ ಮಗ ನೋಡಿದ್ದ. ಡಾಕ್ಟರಮ್ಮನ ಜೊತೆ ಜಗಳ ಕಾಯಲು ಹೋಗಿದ್ದಾನೆ ಎಂದು ಹೆದರಿ ದಾವಲಬೀ ಓಡಿದಳು.

"ಬಂದಿದ್ರು" ಎಂದಳು ಪಂಪಾವತಿ. "ಜಗಳಾ ಇಲ್ಲ ಏನಿಲ್ಲ. ನನ್ನ ಟೇಬಲ್ ಮ್ಯಾಲ ಮಲಗಿ ಎದ್ರು, ಅಂಗೈಲೆ ಒತ್ತಿ ಒತ್ತಿ ನೋಡಿದ್ರು, ಗಾದಿ ಎಷ್ಟು ಗಟ್ಟಿ ಇರಬೇಕು ಅಂತ ಕೇಳಿದ್ರು. ಕಲ್ಲಿನಂಗ ಇದ್ರೂ ಆಗಂಗಿಲ್ರಿ, ಭುಜಾ ಮತ್ತ ಸೊಂಟ ಒಂದೀಟು ಇಳೀಬೇಕು, ನಡುವು ಜೋತು ಬೀಳಬಾರದು ಅಂದೆ. ಚಾ ಸೈತ ಕುಡೀದೇ ಹೋದ್ರು."

"ಸೊಸಿ ಬಗ್ಗೆ ಏನರ ಅಂದ್ರಾ?"

"ಏನೂ ಅನಲಿಲ್ರಿ."

ಸಿರುಗುಪ್ಪದ ಆಸ್ಪತ್ರೆಯಲ್ಲಿ ಫರ್ಜಾನಾ ಹೆಣ್ಣು ಹೆತ್ತಳು. ಹೆರಿಗೆ ಸಲೀಸಾಯಿತು. ಗಂಡ ಹೆಂಡತಿ ರಾರಾವಿಗೆ ಕೂಸು ನೋಡಲು ಹೋದರು. ಜಹೀರುದ್ದೀನ ಮೊಮ್ಮಗಳನ್ನು ಎತ್ತಿಕೊಂಡು ಕಣ್ಣು ಒದ್ದೆ ಮಾಡಿಕೊಂಡ. ತಂದ ಚೀಲದಿಂದ ಅಂಗಿ, ಕುಲಾವಿ, ಖರ್ಜೂರ, ಬಾಣಂತಿಯ ಪಾಯಸಕ್ಕೆ ಅಳ್ವಿ ಕಾಳು ಎಲ್ಲ ಬಂದವು. ಗಾದಿ ಬರಲಿಲ್ಲ. ಪಿಂಜಾರನ ಮೊಮ್ಮಗಳಿಗೆ ಗೇಣುದ್ದದ ಗಾದಿಯೂ ಇಲ್ಲ.

ಗೌಸ್ ನಗುತ್ತಲೇ ಕೇಳಿದ, "ಬೀಗರ, ಕೂಸಿಗೆ ನಿಮ್ಮ ಕೈದೊಂದು ಗಾದಿ ಬರತೈತಿ ಅಂತ ಮಾಡಿದ್ವಿ."

"ಬರತೈತ್ರಿ. ಇನ್ನೂ ದಿನ ಬೇಕು" ಎಂದಷ್ಟೇ ಹೇಳಿ ಅವನು ಹೊರಗೆ ಹೋದ.

ಫರ್ಜಾನಾ ಅತ್ತೆಯ ಕೈ ಹಿಡಿದು ಅತ್ತಳು. "ಮಾವಾರ ಸಿಟ್ಟು ಇಳದಿಲ್ರಿ. ನಾ ಅವತ್ತು ಬಾಯಿ ಮುಚ್ಕೊಂಡಿರಬೇಕಿತ್ತು."

"ಹಸಿ ಬಾಣಂತಿ ಅಳಬಾರದು" ಎಂದು ದಾವಲಬೀ ಗದರಿದಳು. ವಾಪಸು ಬರುವ ಬಸ್ಸಿನಲ್ಲಿ ಸಿರುಗುಪ್ಪ ದಾಟುವ ತನಕ ಗಂಡನಿಗೆ ಬೈದಳು. ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಬಾಣಂತನದ ನಲವತ್ತು ದಿನ ಮುಗಿಸಿ, ಇನ್ನಷ್ಟು ದಿನ ತವರಿನಲ್ಲಿದ್ದು ಫರ್ಜಾನಾ ಬಳ್ಳಾರಿಗೆ ಬಂದಳು. ಮಾವ ಕೂಸನ್ನು ಆಡಿಸುತ್ತಿದ್ದ, ಅವಳ ಎದುರು ಮಾತ್ರ ತಲೆ ತಗ್ಗಿಸಿಕೊಂಡು ಅಂಗಡಿಗೆ ಹೋಗಿಬಿಡುತ್ತಿದ್ದ. ಹಾಲೂಡಿಸುವಾಗ ಬಗ್ಗಿ ಬಗ್ಗಿ ಅವಳ ಕುತ್ತಿಗೆಯೂ ಸೊಂಟವೂ ಮತ್ತೆ ಹಿಡಿದುಕೊಂಡವು. ಈ ಸಲ ದಾವಲಬೀ ಯಾರಾದರೂ ಹೇಳುವ ತನಕ ಕಾಯಲಿಲ್ಲ. ಕೂಸನ್ನೂ ಎತ್ತಿಕೊಂಡು ಪಾರ್ವತಿನಗರಕ್ಕೆ ಹೊರಟಳು.

ಪಂಪಾವತಿ ಬಾಣಂತಿಯ ಬೆನ್ನು ಒತ್ತಿ ನೋಡಿದಳು. ಕೂಸನ್ನು ಎದೆಗೆ ತಂದುಕೊಳ್ಳಬೇಕು, ಎದೆಯನ್ನು ಕೂಸಿನ ಕಡೆ ಬಗ್ಗಿಸಬಾರದು ಎಂದು ದಿಂಬಿಟ್ಟು ತೋರಿಸಿದಳು. ಕೀಲು ಮೊದಲಿನಂತಾಗಲು ಇನ್ನೂ ಕೆಲವು ತಿಂಗಳು ಬೇಕು, ಭಾರ ಎತ್ತಬೇಡ ಎಂದಳು. ದಾವಲಬೀ ಕಟ್ಟಿದ್ದ ಹೊಟ್ಟೆಯ ಬಟ್ಟೆಯನ್ನು ಬಿಚ್ಚಿ, "ಕಟ್ರಿ ಅಮ್ಮಾ, ಆದ್ರ ಇಷ್ಟು ಬಿಗಿ ಬ್ಯಾಡ. ಒಂದೀಟು ಕೆಳಗ ಕಟ್ರಿ" ಎಂದಳು. ಮುಂದಿನ ವಾರದ ಹೊತ್ತು ಗೊತ್ತು ಮಾಡಿಕೊಳ್ಳಲು ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು.

ಎದುರಿಗೆ ಕೈ ತುಂಬ ಬಂಗಾರದ ಬಳೆ ಹಾಕಿದ ಒಬ್ಬ ಮುದುಕಿ, ಪಕ್ಕದಲ್ಲಿ ತಿಂಗಳು ತುಂಬಿದ ಹುಡುಗಿ. ಮುದುಕಿ ದಾವಲಬೀಯ ಸೆರಗಿಗೆ ಅಂಟಿದ್ದ ಹತ್ತಿಯ ಎಳೆಯನ್ನು ನೋಡಿ ಮಾತು ತೆಗೆದಳು.

"ಗಾದಿ ಜಹೀರುದ್ದೀನ ಸಾಬರ ಮನಿಯವರೇನ್ರಿ? ನಾನು ವಿರೂಪಮ್ಮ. ನಿಮ್ಮ ಯಜಮಾನರು ನಮ್ಮ ಮನಿಗೆ ಬಂದು ಹೋಗತಾರ."

ದಾವಲಬೀ ಬೆಂಚಿನ ತುದಿಗೆ ಸರಿದಳು. "ಏನರ ತಪ್ಪಾತೇನ್ರಿ?"

"ತಪ್ಪೇನು ಬಂತು? ಬೂರುಗದ ಗಾದಿ ಒಪ್ಪಕೊಂಡು ಹೋದ ಮನಿಷ್ಯಾ ಎರಡು ದಿನಕ್ಕ ತಿರಿಗಿ ಬಂದು, ಅದು ಬಸುರಿಗೆ ಆಗಂಗಿಲ್ರಿ, ಬ್ಯಾರೇದು ಮಾಡತೀನಿ ಅಂದ್ರು. ಯಾರು ಹೇಳಿದ್ರು, ಡಾಕ್ಟರಾ ಅಂತ ಕೇಳಿದೆ. ಡಾಕ್ಟರ್ ಆಮ್ಯಾಲ್ರಿ, ಮೊದಲು ಹೇಳಿದಾಕಿ ನಮ್ಮ ಸೊಸಿ ಅಂದ್ರು. ಊರೆಲ್ಲಾ ಹೊಗಳಿ ಹೊಗಳಿ ನನ್ನ ಕಣ್ಣು ಕಟ್ಟಿತ್ರಿ, ನನ್ನ ಮುಖಕ್ಕ ಖರೇ ಹೇಳಾಕ ಆಕಿನೇ ಬರಬೇಕಾತು ಅಂದ್ರು. ಎಷ್ಟು ಹೆಮ್ಮಿಲೆ ಅಂದ್ರಂತೀರಿ."

ಫರ್ಜಾನಾ ಕೂಸಿನ ಮೇಲೆ ತಲೆ ಬಗ್ಗಿಸಿದಳು. ಅವಳು ಯಾರೆಂದು ವಿರೂಪಮ್ಮನಿಗೆ ಗೊತ್ತಿರಲಿಲ್ಲ.

"ಮೂರು ಸಲ ಗಾದಿ ತಂದ್ರು, ಮೂರು ಸಲ ಬಿಚ್ಚಾಕ ಒಯ್ದ್ರು. ನಮ್ಮ ಹುಡುಗಿ, ಗಾದಿ ಚಲೋ ಐತಿ ಅಜ್ಜಾ, ಸಾಕು ಅಂದ್ರೂ ಕೇಳಲಿಲ್ಲ. ಏನಂದ್ರು ಗೊತ್ತೇನ್ರಿ? ನಿಮಗ ಸಾಕಾತು, ನಮ್ಮ ಸೊಸಿಗೆ ಸಾಕಾಗಂಗಿಲ್ಲ. ನಿಮ್ಮ ಮನ್ಯಾಗ ಕೈ ಪಳಗಿದ ಮ್ಯಾಲ ಆಕಿಗೆ, ಮೊಮ್ಮಗಳಿಗೆ ಮಾಡಬೇಕು. ಮೊದಲ ಸಲ ಆಕೀ ಮ್ಯಾಲೇ ತಪ್ಪು ಮಾಡೀನಿ, ಇನ್ನೊಮ್ಮೆ ಮಾಡಿದ್ರ ಯಾವ ಮುಖಾ ತೋರಸಲಿ ಅಂದ್ರು." ವಿರೂಪಮ್ಮ ಬಳೆ ಗಲಗಲಿಸಿ ನಕ್ಕಳು. "ಇಷ್ಟು ದೊಡ್ಡ ಮನಿ ಕಟ್ಟಿಸಿ, ನಾವು ಅವರಿಗೆ ಕೈ ಪಳಗಿಸೋ ಮಂದಿ ಆದ್ವಿ ನೋಡ್ರಿ. ನನಗ ಒಂದು ಆಸೆ ಐತಿ. ಆ ಸೊಸಿನ್ನ ಒಮ್ಮೆ ನೋಡಬೇಕು. ಎಲ್ಲಿ ಅದಾಳ್ರಿ ಆಕಿ?"

ಮನೆಯಲ್ಲಿ ಒಂದು ಮಾತು ಆಡದೆ ಪರರ ಪಡಸಾಲೆಯಲ್ಲಿ ಎಲ್ಲ ಆಡಿದ್ದಾನಲ್ಲ ಎಂದು ದಾವಲಬೀಗೆ ಗಂಡನ ಮೇಲೆ ಉರಿದು ಹೋಯಿತು. ಆ ಉರಿಯ ಜೊತೆಗೇ ಎದೆ ತುಂಬಿ ಬಂತು. ಇಷ್ಟು ವರ್ಷ ನಲ್ಲಿಯ ಹತ್ತಿರ ನಿಂತು ತಾನು ಗಾದಿಯನ್ನು ಹೊಗಳಿದಳೇ ಹೊರತು ಸೊಸೆಯನ್ನು ಒಮ್ಮೆಯೂ ಹೊಗಳಿರಲಿಲ್ಲ. ಪಕ್ಕಕ್ಕೆ ತಿರುಗಿದಳು. ಫರ್ಜಾನಾಳ ಕಣ್ಣೀರು ಕೂಸಿನ ಕುಲಾವಿಯ ಮೇಲೆ ಬೀಳುತ್ತಿತ್ತು. ದಾವಲಬೀ ಕೂಸನ್ನು ತನ್ನ ತೊಡೆಗೆ ಎಳೆದುಕೊಂಡಳು.

"ಎದ್ದು ನಿಂದ್ರವ್ವಾ" ಎಂದಳು. "ನೆಟ್ಟಗ ನಿಂದ್ರು. ಅಮ್ಮಾರು ನೋಡಲಿ."